ಅಜ್ಜಿ ಕೇರಿಗೆ ಒಂದು ಕೆಂಪು ಕೊಂಡಿ

ಹಾಲುಗೊಂದಿ
ಅಕ್ಟೋಬರ್ 32, 2331, ಉಳಿಕೆ ದಿನ

ಹೆಸರು ಹಾಕದೆ ಹೋದ ಸಂಪಾದಕರಿಗೆ, ಸೂರಯ್ಯನ ನಮಸ್ಕಾರ.

ಮೇಲಿನ ತಾರೀಕು ನನ್ನ ಕೈತಪ್ಪಲ್ಲ. ನಮ್ಮಲ್ಲಿ ಪ್ರತಿ ತಿಂಗಳ ಕೊನೆಗೂ ಒಂದು ದಿನ ಹೆಚ್ಚು. ಅದಕ್ಕೆ ಉಳಿಕೆ ದಿನ ಎನ್ನುತ್ತೇವೆ. ಅವತ್ತು ಹೊಸ ಕೆಲಸ ಯಾವುದನ್ನೂ ಹಚ್ಚಿಕೊಳ್ಳುವಂತಿಲ್ಲ. ಅರ್ಧಕ್ಕೆ ನಿಂತ ಹೊಲಿಗೆ, ಅರ್ಧಕ್ಕೆ ನಿಂತ ಜಗಳ, ಬರೆಯಬೇಕು ಅಂದುಕೊಂಡು ಬರೆಯದ ಕಾಗದ, ಇಂಥವನ್ನೇ ಮುಗಿಸಬೇಕು. ಹೀಗೆ ಹೆಚ್ಚಿಸಿಕೊಂಡ ದಿನಗಳನ್ನೆಲ್ಲ ಡಿಸೆಂಬರಿನಿಂದ ಕಳೆಯುತ್ತೇವೆ. ನಮ್ಮ ಡಿಸೆಂಬರಿಗೆ ಇರುವುದು ಇಪ್ಪತ್ತೇ ದಿನ. ಅದರಿಂದ ಚಳಿಯೂ ಬೇಗ ಮುಗಿಯುತ್ತದೆ ಎಂದು ಊರಿನವರು ನಂಬಿದ್ದಾರೆ, ನಾನು ವಾದ ಮಾಡಲು ಹೋಗಿಲ್ಲ.

ನನ್ನ ಮಾತು ನಿಮಗೆ ಒಂದಿಷ್ಟು ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಉಳಿದುಬಂದ ಹಳೆಯ ಪುಟಗಳಿಂದ. ಎಲ್ಲಾದರೂ ಸರ್ಕಾರಿ ಸುತ್ತೋಲೆಯ ವಾಸನೆ ಬಂದರೆ ಆ ತಪ್ಪು ಪುಟಗಳದ್ದು. ಎಲ್ಲಾದರೂ ಪ್ರಾಸ ಇಣುಕಿದರೆ ಅದು ಮಾತ್ರ ನನ್ನದು. ನಲವತ್ತೈದು ದಾಟಿದರೂ ಈ ಚಟ ಬಿಟ್ಟಿಲ್ಲ. ಅದು ಒಂದು ಸಲ ನಮ್ಮ ಊರನ್ನೇ ಮುಳುಗಿಸುವುದರಲ್ಲಿತ್ತು. ಆ ಕತೆಯನ್ನು ನಿಮಗೆ ಹೇಳಲೆಂದೇ ಈ ಕಾಗದ.

ಇದು ನಿಮ್ಮನ್ನು ಹಿಂಗೊಂಡಿಯ ಮೂಲಕ ತಲುಪುತ್ತದೆ. ಹಿಂಗೊಂಡಿ ಎಂದರೆ ಹಿಂದಕ್ಕೆ ಹಾಕುವ ಕೊಂಡಿ. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ದಾರಿ ಮಾಡುವುದು ನಿಮಗೆ ಗೊತ್ತಿತ್ತು. ಇವತ್ತಿನ ಪುಟದಿಂದ ಅದೇ ಪುಟದ ಹಿಂದಿನ ಒಂದು ದಿನಕ್ಕೆ ದಾರಿ ಮಾಡುವುದನ್ನು ನಾವು ಕಲಿತೆವು. ಒಂದು ಪುಟಕ್ಕೆ ಒಂದೇ ಸಲ ಅವಕಾಶ. ನಮ್ಮೂರಿನವರು ಸಭೆ ಸೇರಿ, ಆ ಒಂದು ಸಲವನ್ನು ನಿಮಗಾಗಿ ಖರ್ಚು ಮಾಡೋಣ ಎಂದು ಕೈ ಎತ್ತಿದರು. ಎತ್ತದೆ ಉಳಿದದ್ದು ಒಂದೇ ಕೈ. ಆ ಮನುಷ್ಯ ನಿದ್ದೆ ಮಾಡುತ್ತಿದ್ದ.

ನಾನು ಈ ಊರಿನ ಕೊಂಡಿಗಾರ. ನಮ್ಮ ಪ್ರತಿ ಊರಿಗೂ ಒಂದು ಊರಪುಟ ಇದೆ. ಊರಿನವರು ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಪುಟಗಳ ರಾಶಿ ಅದು. ನಿಮ್ಮ ಕಾಲದ ವಿಕಿಯ ಮರಿಮೊಮ್ಮಗಳು ಅನ್ನಿ. ಮುದ್ದೆ ಕಟ್ಟುವುದರಿಂದ ಹಿಡಿದು ಗಾಳಿಕಂಬಕ್ಕೆ ಎಣ್ಣೆ ಬಿಡುವವರೆಗೆ ಊರು ನಡೆಯುವುದು ಅದರಿಂದಲೇ. ಅಷ್ಟು ಪುಟ ಒಂದೇ ಕಡೆ ಬಿದ್ದಿದ್ದರೆ ಸಂತೆಯಲ್ಲಿ ಸೂಜಿ ಹುಡುಕಿದಂತಾಗುತ್ತದೆ, ಹಾಗಾಗಿ ಪುಟಗಳನ್ನು ಕೇರಿಗಳಾಗಿ ಮಾಡಿದ್ದೇವೆ. ನಿಮ್ಮ ಕಾಲದವರು ಇದನ್ನು ನಾಮವರ್ಗ ಎನ್ನುತ್ತಿದ್ದರಂತೆ. ಮೊದಲು ಕೇರಿಯ ಹೆಸರು, ಆಮೇಲೆ ಎರಡು ಚುಕ್ಕಿ, ಆಮೇಲೆ ಪುಟದ ಹೆಸರು. ಅಡುಗೆ:ಮುದ್ದೆ. ರಿಪೇರಿ:ಗಾಳಿಕಂಬ. ಜನ:ಸೂರಯ್ಯ. ನಿಮ್ಮ ಕಾಲದಲ್ಲಿ ಕೇರಿ ಎನ್ನುವುದು ಯಾರು ಎಲ್ಲಿ ಬದುಕಬೇಕು ಎಂದು ಬೇಲಿ ಹಾಕುವ ಮಾತೂ ಆಗಿತ್ತೆಂದು ಓದಿದ್ದೇನೆ. ನಮ್ಮಲ್ಲಿ ಪುಟಗಳಿಗೆ ಮಾತ್ರ ಕೇರಿ, ಮನುಷ್ಯರಿಗಿಲ್ಲ. ಇದನ್ನು ಕೇಳಿ ನಿಮಗೆ ಸಂತೋಷವಾಗಬಹುದೆಂದು ಮೊದಲೇ ಹೇಳಿಬಿಟ್ಟೆ.

ಪ್ರತಿ ಪುಟದ ಮುಂದೂ ಒಂದು ಜಗಲಿ ಇರುತ್ತದೆ. ಪುಟದ ಬಗ್ಗೆ ಮಾತು, ಆಕ್ಷೇಪಣೆ, ಕಾಲೆಳೆಯುವುದು ಎಲ್ಲ ಅಲ್ಲೇ. ಅಡುಗೆ:ಮುದ್ದೆ ಪುಟದಲ್ಲಿ ಇರುವುದು ನಾಲ್ಕು ಸಾಲು. ಅದರ ಜಗಲಿಯಲ್ಲಿ, ಗಂಟಾಗುವುದು ನೀರಿನಿಂದಲೋ ಕೋಲಿನಿಂದಲೋ ಎಂಬ ಚರ್ಚೆ ನಲವತ್ತೊಂದು ವರ್ಷದಿಂದ ನಡೆದಿದೆ. ಆ ಜಗಲಿಯಲ್ಲಿ ಜಗಳವಾಡಿಯೇ ಇಬ್ಬರು ಮದುವೆಯಾಗಿದ್ದಾರೆ, ಅವರ ಮನೆಯಲ್ಲಿ ಈಗ ಅನ್ನವೇ ಹೆಚ್ಚು. ಬೆಳಿಗ್ಗೆ ಎದ್ದವರು ಗೋಡೆಹಲಗೆಯ ಮೇಲೆ ಹಿಂದಿನ ದಿನ ಯಾರು ಯಾವ ಪುಟ ತಿದ್ದಿದರು ಎಂದು ನೋಡುತ್ತ ಕಾಫಿ ಕುಡಿಯುತ್ತಾರೆ. ಗೋಡೆಹಲಗೆ ಎಂದರೆ ಬರೆದರೆ ಬರೆದದ್ದು ಊರಿಗೆಲ್ಲ ಕಾಣುವ ಗೋಡೆ. ಬಸ್ಸು ಈಗಲೂ ತಡವಾಗಿಯೇ ಬರುತ್ತದೆ, ಆದರೆ ಎಷ್ಟು ತಡ ಎಂಬ ಪುಟ ಸರಿಯಾದ ಸಮಯಕ್ಕೆ ಬರುತ್ತದೆ. ಇನ್ನೂ ಯಾರೂ ಬರೆಯದ ಪುಟಕ್ಕೆ ಕೊಂಡಿ ಹಾಕಿದರೆ ಅದು ಕೆಂಪಗೆ ಕಾಣುತ್ತದೆ, ಬರೆದ ಮೇಲೆ ನೀಲಿಯಾಗುತ್ತದೆ. ಇದು ನಿಮ್ಮ ಕಾಲದ್ದೇ ಪದ್ಧತಿ, ನಾವು ಬದಲಾಯಿಸಿಲ್ಲ.

ಇನ್ನೊಂದು ನಿಯಮವಿತ್ತು. ಯಾವ ಪುಟಕ್ಕೆ ಏಳು ವರ್ಷ ಬೇರೆ ಎಲ್ಲಿಂದಲೂ ಕೊಂಡಿ ಬರುವುದಿಲ್ಲವೋ ಅದನ್ನು ಅಟ್ಟಕ್ಕೆ ಹಾಕುವುದು. ಅಟ್ಟದಲ್ಲಿ ಪುಟ ಸಾಯುವುದಿಲ್ಲ, ಆದರೆ ಹುಡುಕಿದರೆ ಸಿಗುವುದೂ ಇಲ್ಲ. ಪುಟದ ಹೆಸರು ಗೊತ್ತಿರುವವರು ಖುದ್ದಾಗಿ ಹತ್ತಿ ತರಬೇಕು. ಕೊಂಡಿ ಇಲ್ಲದ ಪುಟ, ಕಂಡಿ ಇಲ್ಲದ ಮನೆ ಎಂದು ನಾನೇ ಒಂದು ಫಲಕ ಬರೆಸಿ ಕಚೇರಿಗೆ ಹಾಕಿದ್ದೆ. ಪ್ರಾಸ ಚೆನ್ನಾಗಿ ಕೂತಿತ್ತು.

ಹತ್ತೊಂಬತ್ತು ವರ್ಷದ ಹಿಂದೆ, ಕನ್ನಡದಲ್ಲಿ ಪದವಿ ಮುಗಿಸಿ ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಆರು ಸಾವಿರ ಪುಟಗಳನ್ನು ಹದಿನಾಲ್ಕು ಕೇರಿಗಳಿಗೆ ವಿಂಗಡಿಸಲು ನನ್ನನ್ನು ಕೂರಿಸಿದರು. ಆಗ ನಮ್ಮ ಕೆರೆಯ ನೀರುಗಂಟಿ ಬೊಮ್ಮಕ್ಕ ಒಂದು ಪದ ಬರೆಸಲು ಬಂದರು. ನೀರುಗಂಟಿ ಎಂದರೆ ಕೆರೆಯ ತೂಬು ತೆರೆದು ಮುಚ್ಚಿ ನೀರು ಹಂಚುವವರು. ಈ ಮಾತು ನಿಮಗೂ ಗೊತ್ತಿರಬೇಕು. ಆ ಪದವನ್ನು ಒಣನೆಲದ ಮೇಲೆ ಹಾಡಬಾರದು ಎಂಬುದು ಅವರ ಮನೆತನದ ಕಟ್ಟಳೆ. ಹಾಗಾಗಿ ನನ್ನ ಕಚೇರಿಯಲ್ಲಿ ಒಂದು ಬಕೆಟ್ ನೀರು ತರಿಸಿ, ಅದರಲ್ಲಿ ಎರಡೂ ಕಾಲಿಟ್ಟುಕೊಂಡು ಹಾಡಿದರು. ನಾನು ಬರೆದುಕೊಂಡೆ. ಆರು ಸಾಲಿಗೂ ಎರಡನೇ ಅಕ್ಷರ ಒಂದೇ; ಸಾಲಿನ ಕೊನೆಯೂ ಜೋಡಿ ಜೋಡಿ! ನಾನು ಕುಣಿಯುವುದೊಂದು ಬಾಕಿ. ತಕ್ಷಣ ಅದನ್ನು ಪದ್ಯ ಕೇರಿಗೆ ಸೇರಿಸಿ, 'ಪದ್ಯ:ಬೊಮ್ಮಕ್ಕನ ಹಾಡು' ಎಂದು ಹೆಸರಿಟ್ಟು, ಕೆಳಗೆ 'ಆದಿಪ್ರಾಸ ಸೊಗಸಾಗಿದೆ' ಎಂದು ಟಿಪ್ಪಣಿ ಹಾಕಿದೆ.

ಬೊಮ್ಮಕ್ಕ ಕಾಲು ಒರೆಸಿಕೊಳ್ಳುತ್ತ, "ಪದ ಅಲ್ಲ ಕಣಪ್ಪ ಅದು, ಕೆಲ್ಸ" ಎಂದರು.

"ಪದಾನೂ ಒಂದು ಕೆಲಸಾನೇ ಅಲ್ವೇನಕ್ಕ" ಎಂದೆ. ಇಪ್ಪತ್ತಾರು ವಯಸ್ಸಿಗೆ ಇಂಥ ಮಾತು ತಾನಾಗಿ ಬರುತ್ತದೆ. ಅವರು ನನ್ನ ಮುಖ ನೋಡಿ, ಬಕೆಟ್ಟಿನ ನೀರನ್ನು ನನ್ನ ಹೂಕುಂಡಕ್ಕೆ ಹುಯ್ದು ಹೋದರು. ಆ ತಿಂಗಳು ಇನ್ನೂರು ಹಾಡು ಬರೆದುಕೊಂಡಿದ್ದೆ; ಅದರಲ್ಲಿ ಇದೂ ಒಂದಾಗಿ ಕರಗಿಹೋಯಿತು. ಏಳು ವರ್ಷ ಯಾವ ಕೊಂಡಿಯೂ ಬರಲಿಲ್ಲ. ನಿಯಮದಂತೆ ಅಟ್ಟಕ್ಕೆ ಹಾಕಿದೆ. ಹಾಕಿದವನೂ ನಾನೇ.

ಬೊಮ್ಮಕ್ಕ ತೀರಿಕೊಂಡು ಒಂಬತ್ತು ವರ್ಷವಾಯಿತು. ಈಗ ನೀರುಗಂಟಿ ಅವರ ಮೊಮ್ಮಗಳು ಸಣ್ಣಬೊಮ್ಮಿ. ಈ ಒಂಬತ್ತು ವರ್ಷವೂ ಕೆರೆ ಅರ್ಧಕ್ಕಿಂತ ಮೇಲೆ ಬಂದಿರಲಿಲ್ಲ. ನಮ್ಮ ತೂಬು ಬಹಳ ಹಳೆಯದು: ನೀರೊಳಗೆ ಎರಡು ಕಲ್ಲುಕಂಬ, ಅವುಗಳ ನಡುವೆ ಒಂದರ ಮೇಲೊಂದು ಮೂರು ಚಪ್ಪಡಿ, ಪ್ರತಿ ಚಪ್ಪಡಿಗೂ ಒಂದು ತೂತು, ತೂತಿಗೊಂದು ಮರದ ಗೂಟ. ನೀರು ಕಡಿಮೆ ಇದ್ದಾಗ ಎಲ್ಲಕ್ಕಿಂತ ಕೆಳಗಿನ ಗೂಟ ಎತ್ತಿದರೆ ಸಾಕು. ಸಣ್ಣಬೊಮ್ಮಿ ಅಷ್ಟನ್ನೇ ಮಾಡಿಕೊಂಡು ಬಂದಿದ್ದಳು.

ಈ ಸೆಪ್ಟೆಂಬರಿನಲ್ಲಿ ಕೆರೆ ತುಂಬಿತು. ಹನ್ನೊಂದು ವರ್ಷಕ್ಕೆ ತುಂಬಿದ ಕೆರೆ! ಊರೆಲ್ಲ ಏರಿಯ ಮೇಲೆ. ಮಂಡಕ್ಕಿ, ಮೆಣಸಿನಕಾಯಿ, ಮಕ್ಕಳು, ಮುದುಕರು. ಕೋಡಿ ಬಿದ್ದು ನೀರು ಹೊರಗೆ ಹರಿಯುತ್ತಿದ್ದರೂ ಕೆರೆಗೆ ಬರುವ ನೀರು ಅದಕ್ಕಿಂತ ಹೆಚ್ಚಿತ್ತು. ಎರಡನೇ ದಿನ ಏರಿಯ ಬುಡದಲ್ಲಿ ಒಂದು ಕಡೆ ಒದ್ದೆ ಕಂಡಿತು. ತೂಬು ತೆರೆದು ನೀರು ಇಳಿಸಲೇಬೇಕು ಎಂದಾಯಿತು. ಸಣ್ಣಬೊಮ್ಮಿ ಮುಳುಗಿ ಕೆಳಗಿನ ಗೂಟ ಎಳೆದಳು, ಅಲುಗಲಿಲ್ಲ. ನಾಲ್ಕು ಜನ ಹಗ್ಗ ಹಾಕಿ ಎಳೆದರು, ಹಗ್ಗ ಹರಿಯಿತು. ಅಧ್ಯಕ್ಷ ಕಾಟಲಿಂಗಪ್ಪನವರು ಬಂದು ನೋಡಿ, "ನಾಳೆ ಮಧ್ಯಾಹ್ನದ ತಂಕ ಟೈಮು ಕಣವ್ವ. ಆಗ್ಲಿಲ್ಲ ಅಂದ್ರೆ ತೂಬಿನ ಕಲ್ಲು ಒಡ್ಸದೇ. ಏರಿ ಹೋದ್ರೆ ಊರೇ ಹೋಗ್ತೈತೆ" ಎಂದರು. ಅವರು ಹೇಳಿದ್ದು ಸರಿಯೇ. ಆದರೆ ತೂಬು ಒಡೆದರೆ ಆ ಕೆರೆಯಲ್ಲಿ ಮತ್ತೆ ನೀರು ನಿಲ್ಲುವುದಿಲ್ಲ. ಕೆರೆ ಇಲ್ಲದ ಮೇಲೆ ನೀರುಗಂಟಿಯೂ ಇಲ್ಲ.

ಸಣ್ಣಬೊಮ್ಮಿ ಒದ್ದೆ ಬಟ್ಟೆಯಲ್ಲೇ ನನ್ನ ಕಚೇರಿಗೆ ಬಂದಳು. "ಅಣ್ಣ, ನಮ್ಮಜ್ಜಿ ಸಾಯೋ ಮುಂದೆ ಕೇಳಿದ್ದೆ, ಕೆರೆ ತುಂಬಿದಾಗ ಹೆಂಗೆ ಅಂತ. ಪುಟದಾಗೆ ಬರ್ಸಿದೀನಿ, ನೋಡ್ಕ ಅಂದ್ಲು. ತೆಗಿ ಪುಟಾನ."

ರಿಪೇರಿ:ತೂಬು ತೆಗೆದೆ. ಅದರಲ್ಲಿ ಎರಡೇ ವಾಕ್ಯ. 'ಕೆಳಗಿನ ಗೂಟ ಎತ್ತುವುದು. ಕೆರೆ ತುಂಬಿದ್ದರೆ: ನೋಡಿ, ಜನ:ಬೊಮ್ಮಕ್ಕ.' ಜನ:ಬೊಮ್ಮಕ್ಕ ತೆಗೆದೆ. 'ಕಾಲವಾದರು. ತೂಬಿನ ವಿಷಯಕ್ಕೆ: ನೋಡಿ, ರಿಪೇರಿ:ತೂಬು.' ಎರಡೂ ಪುಟ ಬರೆದವನು ನಾನು. ಎರಡರ ಕೊಂಡಿಯೂ ನೀಲಿ, ಎರಡೂ ಕೇರಿ ಅಚ್ಚುಕಟ್ಟು.

ಸಣ್ಣಬೊಮ್ಮಿ ಎರಡು ಸಲ ಆ ಕಡೆ, ಎರಡು ಸಲ ಈ ಕಡೆ ಒತ್ತಿ ನೋಡಿದಳು. "ಏನಣ್ಣ ಇದು, ಗಾಣದೆತ್ತು ಮಾಡಿಟ್ಟಿದೀಯ ನನ್ನ" ಎಂದಳು. ಆಮೇಲೆ ಗೋಡೆಯ ಮೇಲಿನ ನನ್ನ ಫಲಕವನ್ನು ಓದಿದಳು.

ರಿಪೇರಿ ಕೇರಿಯನ್ನು ಪೂರ್ತಿ ಜಾಲಾಡಿದೆ, ನೀರು ಕೇರಿಯನ್ನೂ ಜಾಲಾಡಿದೆ. ತೂಬು ತೆರೆಯುವ ವಿಧಾನವನ್ನು ಪದ್ಯ ಕೇರಿಯಲ್ಲಿ ಯಾರು ಹುಡುಕುತ್ತಾರೆ? ಹುಡುಕಿದರೂ ಆ ಪುಟ ಅಟ್ಟದಲ್ಲಿತ್ತು. ಬೇರೆ ದಾರಿ ಕಾಣದೆ, ನಮ್ಮ ಕೆರೆಯ ಪುಟ ತೆಗೆದು, ಇಲ್ಲಿಗೆ ಎಲ್ಲೆಲ್ಲಿಂದ ಕೊಂಡಿ ಬರುತ್ತದೆ ಎಂಬ ಪಟ್ಟಿ ನೋಡತೊಡಗಿದೆ. ಮೀನು ಸಾರು, ಈಜು, ಎಮ್ಮೆ ತೊಳೆಯುವ ಜಾಗ, ಕೆರೆಗೆ ಹಾರಿದ ಕಾಟಲಿಂಗಪ್ಪನವರ ಟೋಪಿ. ನಾನೂರು ಕೊಂಡಿ. ಸಣ್ಣಬೊಮ್ಮಿ ಓದುತ್ತಾ ಹೋದಳು, ನಾನು ತೆರೆಯುತ್ತಾ ಹೋದೆ. ಪಟ್ಟಿಯ ತೀರ ಕೊನೆಗೆ, ಹಳೆಯ ಕಾಲದ ಪುಟಗಳನ್ನಿಟ್ಟ ಪ್ರಾಚೀನ ಕೇರಿಯಿಂದ ಒಂದು ಕೊಂಡಿ ಬಂದಿತ್ತು.

ಅದು ನಿಮ್ಮ ಪುಟ.

2025ರ ಜೂನಿನಲ್ಲಿ, ನಿಮ್ಮ ಕಾಲದ ಒಂದು ಮುಕ್ತ ವಿಶ್ವಕೋಶದಲ್ಲಿ, ಲಾಗಿನ್ ಕೂಡ ಆಗದೆ ನೀವು ಬರೆದ ಮೂರು ವಾಕ್ಯ. 'ಹಾಲುಗೊಂದಿ ಕೆರೆಗೆ ಮೂರು ಗೂಟದ ತೂಬಿದೆ. ತುಂಬಿದಾಗ ಮೇಲಿನ ಗೂಟವನ್ನೇ ಮೊದಲು ಎತ್ತುತ್ತಾರೆ. ಅದಕ್ಕೆ ಒಂದು ಪದ ಇದೆ, ನೋಡಿ: ತೂಬಿನ ಪದ.' ಕೊನೆಯ ಎರಡು ಮಾತಿಗೆ ಕೊಂಡಿ ಹಾಕಿದ್ದಿರಿ. ಆ ಪುಟವನ್ನು ನೀವು ಬರೆಯಲೇ ಇಲ್ಲ. ಮುನ್ನೂರಾರು ವರ್ಷ ಅದು ಕೆಂಪಗೆ ಕೂತಿತ್ತು, ಯಾರಿಗೋ ಕಾಯುತ್ತಿರುವ ದೀಪದ ಹಾಗೆ.

'ಪದ' ಎಂದು ಓದಿದ ಕೂಡಲೇ ನನಗೆ ಬಕೆಟ್ಟು ನೆನಪಾಯಿತು. ನಾನು ಎದ್ದ ರಭಸಕ್ಕೆ ಕುರ್ಚಿ ಬಿತ್ತು. ಅಟ್ಟಕ್ಕೆ ಹೋಗಲು ಪುಟದ ಹೆಸರು ಬೇಕಲ್ಲ, ಅದು ನನಗಲ್ಲದೆ ಇನ್ಯಾರಿಗೆ ಗೊತ್ತು! ಪದ್ಯ:ಬೊಮ್ಮಕ್ಕನ ಹಾಡು ಕೆಳಗಿಳಿದು ಬಂತು. ಅದನ್ನು ನಿಮಗೂ ಬರೆಯುತ್ತಿದ್ದೇನೆ. ಕಟ್ಟಳೆ ಮುರಿದಿಲ್ಲ, ಈ ಸಾಲುಗಳನ್ನು ಬರೆಯುವಾಗ ನನ್ನ ಎರಡೂ ಕಾಲು ಬಕೆಟ್ಟಿನಲ್ಲಿವೆ.

ಮೇಲಿನ ಗೂಟವ ಮೊದಲೆತ್ತು,
ಕೋಲಲಿ ಕಲ್ಲಿನ ಕಸ ಕಿತ್ತು,
ಮೂಲೆಯ ಕಂಬಕೆ ಕಿವಿಗೊಟ್ಟು,
ಕಾಲುವೆ ಕೆಮ್ಮಲಿ, ಕೈ ಬಿಟ್ಟು;
ಸಾಲಲಿ ನಡುವಿನ ಗೂಟಕೆ ಕೈ,
ಕಾಲಡಿಯದು ಕೊನೆ, ಗಂಗೆಗೆ ಜೈ.

ಹತ್ತೊಂಬತ್ತು ವರ್ಷ ಇದರ ಪ್ರಾಸವನ್ನು ಮೆಚ್ಚಿಕೊಂಡಿದ್ದೆ. ಇದು ಏನು ಹೇಳುತ್ತಿದೆ ಎಂದು ಕೇಳಿಸಿಕೊಂಡಿರಲಿಲ್ಲ. ಕೆರೆ ತುಂಬಿದಾಗ ನೀರಿನ ಭಾರವೆಲ್ಲ ಕೆಳಗಿನ ಗೂಟದ ಮೇಲೆ ಕೂತಿರುತ್ತದೆ. ಮೇಲಿನದನ್ನು ಮೊದಲು ತೆಗೆದರೆ ತೂಬಿನ ಒಳಗೂ ನೀರು ತುಂಬಿ, ಒಳಗಿನಿಂದ ಒತ್ತು ಕೊಟ್ಟು, ಕೆಳಗಿನವು ಸಡಿಲವಾಗುತ್ತವೆ. ಪ್ರಾಸ ಇದ್ದದ್ದು ಚೆಂದಕ್ಕಲ್ಲ. ನೀರೊಳಗೆ ಉಸಿರು ಕಟ್ಟಿಕೊಂಡವಳಿಗೆ ಮುಂದಿನ ಹೆಜ್ಜೆ ತಪ್ಪಬಾರದೆಂದು.

ಮಾರನೆಯ ದಿನ ಹನ್ನೊಂದು ಗಂಟೆಗೆ ಸಣ್ಣಬೊಮ್ಮಿ ನೀರಿಗಿಳಿದಳು. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಒಂದು ಸಲ ಜೋರಾಗಿ ಹಾಡಿದಳು, ಆಮೇಲೆ ಮುಳುಗಿದಳು. ಕಲ್ಲು ಒಡೆಯುವ ಯಂತ್ರ ಏರಿಯ ಮೇಲೆ ಸಿದ್ಧವಾಗಿ ನಿಂತಿತ್ತು. ಮೇಲಿನ ಗೂಟ ಬಂತು, ಅವಳು ಎದ್ದು ಬಂದು ಕಂಬಕ್ಕೆ ಕಿವಿ ಇಟ್ಟಳು. ಮಂಡಕ್ಕಿ ಜಗಿಯುವುದನ್ನೂ ನಿಲ್ಲಿಸಿ ಊರು ಕಿವಿಗೊಟ್ಟಿತು. ಏನೂ ಇಲ್ಲ. ಕಾಟಲಿಂಗಪ್ಪನವರು ಬಾಯಿ ತೆರೆದರು. "ಸುಮ್ಕಿರು ದೊಡ್ಡಪ್ಪ!" ಎಂದು ಅವಳು ನೀರಿನಿಂದಲೇ ಗದರಿದಳು. ಊರಿನ ಅಧ್ಯಕ್ಷರು ಸುಮ್ಮನಿದ್ದ ಮೊದಲ ದಾಖಲೆ ಅದು. ಅದಕ್ಕೂ ಈಗ ಒಂದು ಪುಟವಿದೆ.

ಆಗ ಏರಿಯ ಆಚೆ ಕಾಲುವೆ ಕೆಮ್ಮಿತು. ನಿಜವಾಗಿಯೂ ಕೆಮ್ಮಿತು, ಬೆಳಗಿನ ಮೊದಲ ಬೀಡಿ ಸೇದಿದ ಮುದುಕನ ಹಾಗೆ. ಕೆಸರು, ಎಲೆ, ಎರಡು ಏಡಿ ಹೊರಗೆ ಬಿದ್ದವು, ಹಿಂದೆಯೇ ನೀರು. ನಡುವಿನ ಗೂಟ ಬಂತು. ಹಿಂದಿನ ದಿನ ಹಗ್ಗ ಹರಿಸಿದ ಕೆಳಗಿನ ಗೂಟ, ಹಾಲುಹಲ್ಲು ಕಿತ್ತಷ್ಟು ಸಲೀಸಾಗಿ ಅವಳ ಕೈಗೆ ಬಂತು. ಸಂಜೆಯ ಹೊತ್ತಿಗೆ ಏರಿಯ ಬುಡದ ಒದ್ದೆ ನಿಂತಿತು. ಯಂತ್ರ ತಂದವನು ಅದನ್ನು ವಾಪಸು ಒಯ್ಯಲು ಮರೆತು ಕುಣಿಯುವವರ ಜೊತೆ ಸೇರಿಕೊಂಡಿದ್ದ. ಸಣ್ಣಬೊಮ್ಮಿ ನನ್ನ ಹತ್ತಿರ ಬಂದು, "ಅಣ್ಣ, ಪ್ರಾಸ ಚೆನ್ನಾಗೈತೆ ಕಣ" ಎಂದಳು. ನನಗೆ ಸಿಕ್ಕ ಬೈಗುಳಗಳಲ್ಲೆಲ್ಲ ಇದೇ ಸೊಗಸಾದದ್ದು.

ಆಮೇಲೆ ಒಂದು ತಿಂಗಳು ಊರೆಲ್ಲ ಕೂತು ಕೊಂಡಿ ಹಾಕಿದೆವು. ಪುಟ ಯಾವ ಕೇರಿಯಲ್ಲಾದರೂ ಇರಲಿ, ಅದಕ್ಕೆ ಬೇರೆ ಎರಡು ಕೇರಿಗಳಿಂದಾದರೂ ದಾರಿ ಇರಬೇಕು ಎಂದು ನಿಯಮ ಮಾಡಿದೆವು. ಬರೆಸಿದವರನ್ನೋ ಅವರ ಮನೆಯವರನ್ನೋ ಕೇಳದೆ ಯಾವ ಪುಟವನ್ನೂ ಅಟ್ಟಕ್ಕೆ ಹಾಕುವಂತಿಲ್ಲ. ಬೊಮ್ಮಕ್ಕನ ಹಾಡು ಪದ್ಯ ಕೇರಿಯಲ್ಲೇ ಉಳಿಯಿತು. ಸಣ್ಣಬೊಮ್ಮಿಯೇ ಬೇಡ ಎಂದಳು, "ಇರ್ಲಿ ಬಿಡು, ಅಲ್ಲಿ ಗಾಳಿ ಚೆನ್ನಾಗೈತೆ" ಎಂದು. ಆದರೆ ರಿಪೇರಿಯಿಂದ, ನೀರಿನಿಂದ, ಜನ ಕೇರಿಯಿಂದ, ಶಾಲೆಯ ಪುಟದಿಂದ ಅದಕ್ಕೀಗ ನಲವತ್ತು ಕೊಂಡಿ. ನೀವು ಇಟ್ಟ ಹೆಸರನ್ನೂ ಅದಕ್ಕೆ ಜೋಡಿಸಿದೆವು: 'ತೂಬಿನ ಪದ' ಎಂದು ಒತ್ತಿದವರು ಬೊಮ್ಮಕ್ಕನ ಹಾಡಿಗೆ ಬಂದು ನಿಲ್ಲುತ್ತಾರೆ. ಹೀಗೆ ನಿಮ್ಮ ಕೆಂಪು ಕೊಂಡಿ ನೀಲಿಯಾಯಿತು. ನೀಲಿಯಾಗುವುದನ್ನು ನೋಡಲು ಗೋಡೆಹಲಗೆಯ ಮುಂದೆ ಜನ ನೂಕುನುಗ್ಗಲು ಮಾಡಿದರು. ಒತ್ತುವ ಬೆರಳು ಸಣ್ಣಬೊಮ್ಮಿಯದು.

ಅವತ್ತೇ ನಿಮ್ಮ ಪುಟದ ಜಗಲಿಯನ್ನೂ ಓದಿದೆವು. ಪುಟ ಬರೆದ ಮೂರನೇ ದಿನ, ನಿಯಮಪ್ರಿಯ ಎಂಬ ಹೆಸರಿನವರೊಬ್ಬರು ಬಂದು, "ಉಲ್ಲೇಖವಿಲ್ಲ. ಇಲ್ಲದ ಪುಟಕ್ಕೆ ಕೊಂಡಿ ಹಾಕಲಾಗಿದೆ. ಅಳಿಸಲು ಸೂಚಿಸಿದೆ" ಎಂದು ಚೀಟಿ ಅಂಟಿಸಿದ್ದಾರೆ. ನೀವು ಕೇಳಿದ್ದೀರಿ, "ಸರ್, ಇದು ನಮ್ಮಜ್ಜಿ ಹೇಳಿದ್ದು. ಅಜ್ಜಿನ ಅಡಿಟಿಪ್ಪಣೀಲಿ ಹಾಕೋದು ಹೇಗೆ?" ಅವರು, "ಅಜ್ಜಿ ನಂಬಲರ್ಹ ಮೂಲವಲ್ಲ" ಎಂದಿದ್ದಾರೆ. ನೀವು, "ನಮ್ಮಜ್ಜಿನ ನೋಡಿದ್ರೆ ಹಂಗನ್ನಲ್ಲ ನೀವು" ಎಂದಿದ್ದೀರಿ. ಅಲ್ಲಿಗೆ ಮುಗಿಯಿತು. ಆಮೇಲೆ ನೀವು ಎಲ್ಲಿಯೂ ಒಂದಕ್ಷರ ಬರೆದದ್ದು ನಮಗೆ ಸಿಕ್ಕಿಲ್ಲ. ಪುಟವನ್ನು ಅಳಿಸಲು ಅವರು ಮರೆತರು. ಬಹುಶಃ ಊಟಕ್ಕೆ ಹೋದರು, ಬಹುಶಃ ನಿದ್ದೆ ಬಂತು. ಆ ಮಧ್ಯಾಹ್ನದ ನಿದ್ದೆಗೆ ನಮ್ಮ ಕೆರೆ ಋಣಿಯಾಗಿದೆ.

ನಿಯಮಪ್ರಿಯರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ನಾನೂ ಅವರ ವಂಶದವನೇ. ಅಚ್ಚುಕಟ್ಟಿನ ಆಸೆಗೆ ಅಟ್ಟ ತುಂಬಿಸಿದವನು. ಆದರೆ ನಿಮ್ಮ ಪ್ರಶ್ನೆಗೆ ಅವರು ಉತ್ತರ ಕೊಡಲಿಲ್ಲವಲ್ಲ, ಅದನ್ನು ನಾವು ಕೊಡಬೇಕು. ಇವತ್ತು ಉಳಿಕೆ ದಿನ, ಉಳಿದ ಕೆಲಸ ಮುಗಿಸುವ ದಿನ.

ನಾವು ಹದಿನೈದನೆಯ ಕೇರಿಯೊಂದನ್ನು ಮಾಡಿದ್ದೇವೆ. ಪುಸ್ತಕದಲ್ಲಿಲ್ಲದ್ದನ್ನು ಬಲ್ಲವರ ಕೇರಿ. ಗಂಡಸರಿಗೂ ಅಲ್ಲಿ ಜಾಗವಿದೆ, ಆದರೆ ಹೆಸರು ಅಜ್ಜಿ ಕೇರಿ ಎಂದೇ. ಯಾವ ಗಂಡಸೂ ತಕರಾರು ಮಾಡುವ ಧೈರ್ಯ ತೋರಿಲ್ಲ. ಯಾವ ಪುಟದ ಕೆಳಗಾದರೂ ಆ ಕೇರಿಯನ್ನು ಉಲ್ಲೇಖವಾಗಿ ಹಾಕಬಹುದು. ಬೊಮ್ಮಕ್ಕನವರದು ಅಲ್ಲಿ ಎರಡನೆಯ ಪುಟ. ಮೊದಲನೆಯ ಪುಟವನ್ನು ನಿಮ್ಮ ಅಜ್ಜಿಗೆಂದು ಬಿಟ್ಟಿದ್ದೇವೆ. ಅವರ ಹೆಸರು ನಮಗೆ ಗೊತ್ತಿಲ್ಲ. ನೀವು ಎಲ್ಲೂ ಬರೆದಿಲ್ಲ.

ಹಾಗಾಗಿ ಒಂದು ಕೋರಿಕೆ. ಈ ಕಾಗದ ನಿಮ್ಮ ಜಗಲಿಗೆ ಬರುವುದು ಚೀಟಿ ಅಂಟಿಸಿದ ಮಾರನೆಯ ದಿನ, ನಿಮಗಿನ್ನೂ ಬೇಸರ ಆರದಿರುವಾಗ. ದಯವಿಟ್ಟು ಒಂದೇ ಒಂದು ಸಲ ವಾಪಸು ಬನ್ನಿ. ಅಜ್ಜಿಯನ್ನು ಅಡಿಟಿಪ್ಪಣಿಯಲ್ಲಿ ಹಾಕುವುದು ಹೀಗೆ: ಮೊದಲು ಅಜ್ಜಿ ಎಂದು ಬರೆಯಿರಿ. ಆಮೇಲೆ ಎರಡು ಚುಕ್ಕಿ. ಆಮೇಲೆ ಅವರ ಹೆಸರು.

ನಿಮ್ಮ ಕಾಲದಲ್ಲಿ ಅದು ಕೆಂಪಗೇ ಕಾಣುತ್ತದೆ, ಹೆದರಬೇಡಿ. ನಾವು ಈ ಕಡೆ ಗೋಡೆಹಲಗೆಯ ಮುಂದೆ ಕಾಫಿ ಹಿಡಿದು ಕೂತಿದ್ದೇವೆ. ಸಣ್ಣಬೊಮ್ಮಿ ಬೆರಳು ಒರೆಸಿಕೊಂಡು ಸಿದ್ಧವಾಗಿದ್ದಾಳೆ.

ಹೆಸರು ಬರೆಯಿರಿ.

ಇತಿ,
ಜನ:ಸೂರಯ್ಯ
ಕೊಂಡಿಗಾರ, ಹಾಲುಗೊಂದಿ